ಮೈಕ್ ಸಿದ್ದಲಿಂಗಪ್ಪನ ಮೊದಲ ಪೋಸ್ಟರ್

ಹುಬ್ಬಳ್ಳಿಯಲ್ಲಿ ಸೀರೆ ಅಂಗಡಿಯ ಸೇಲ್ ಶುರುವಾಗಲಿ, ಪಾತ್ರೆ ಅಂಗಡಿ ಬೇರೆ ಓಣಿಗೆ ಹೋಗಲಿ, ಕಣ್ಣಿನ ಉಚಿತ ತಪಾಸಣೆ ಇರಲಿ, ಮೊದಲು ಗೊತ್ತಾಗುತ್ತಿದ್ದದ್ದು ಸಿದ್ದಲಿಂಗಪ್ಪನಿಗೆ, ಊರಿಗೆ ಆಮೇಲೆ. ಇಪ್ಪತ್ತೆಂಟು ವರ್ಷ ಅವನು ಆಟೋದ ಹಿಂದಿನ ಸೀಟಿನಲ್ಲಿ ಕೂತು, ಮೈಕು ಬಾಯಿಗೆ ಹಿಡಿದು, ಕೇಶ್ವಾಪುರದಿಂದ ಹೆಬ್ಬಳ್ಳಿಯವರೆಗೆ ಸುದ್ದಿ ಹಂಚಿದವನು. ಆಟೋ ಓಡಿಸುತ್ತಿದ್ದವನು ಜಾಕೀರ. ಇಬ್ಬರೂ ದಿನಕ್ಕೆ ಆರು ತಾಸು ಜೊತೆಗಿರುತ್ತಿದ್ದರು, ಅದರಲ್ಲಿ ಒಂದು ತಾಸು ಜಗಳಕ್ಕೇ ಮೀಸಲು.

ಬೇರೆ ಆಟೋಗಳ ಮೈಕಿನಿಂದ ‘ಮಾನ್ಯ ಗ್ರಾಹಕರಲ್ಲಿ ಸವಿನಯ ವಿನಂತಿ’ ಅಂತ ಬರುತ್ತಿತ್ತು. ಅಂಥ ಮಾತು ಸಿದ್ದಲಿಂಗಪ್ಪನ ಬಾಯಿಗೆ ಹತ್ತಲೇ ಇಲ್ಲ. ಓಣಿಯಲ್ಲಿ ಯಾರು ಕಂಡರೆ ಅವರನ್ನೇ ಹಿಡಿದು ಮಾತಿಗೆಳೆಯುತ್ತಿದ್ದ.

“ನೀಲಿ ಸೀರಿ ಅಕ್ಕಾರ, ಕಟ್ಟಿ ಮ್ಯಾಲೆ ಕುಂತೀರಲ್ಲ, ನಿಮಗ ಹೇಳಾಕತ್ತೇನ್ರಿ. ಒಳಗ ಕುಕ್ಕರ್ ಸೀಟಿ ಹೊಡ್ಯಾಕತ್ತೈತಿ. ಮೊದಲ ಗ್ಯಾಸ್ ಬಂದ್ ಮಾಡಿ ಬರ್ರಿ, ನಾವು ಎಲ್ಲೂ ಹೋಗಂಗಿಲ್ಲ.”

ನಿಜವಾಗಿಯೂ ಎಲ್ಲೂ ಹೋಗುತ್ತಿರಲಿಲ್ಲ. ಅಕ್ಕ ಬರುವ ತನಕ ಜಾಕೀರ ಇಂಜಿನ್ ಆರಿಸಿಕೊಂಡು ಕೂರಬೇಕು. ಫೋನ್ ನಂಬರು ಹೇಳುವಾಗಂತೂ ಸಿದ್ದಲಿಂಗಪ್ಪನ ದರಬಾರು ಇನ್ನೂ ಜೋರು. ಮೊದಲು ಒಂದು ಸಲ ನಿಧಾನ ಹೇಳುವುದು, ಪೆನ್ ಸಿಗದವರಿಗೆ ಹುಡುಕಲು ಹೊತ್ತು ಕೊಡುವುದು, ಆಮೇಲೆ ಮತ್ತೊಂದು ಸಲ ಹೇಳುವುದು. ಎಲ್ಲವನ್ನೂ ಎರಡೆರಡು ಸಲ ಹೇಳುವುದೇ ಅವನ ವಿದ್ಯೆ. ಆಟೋ ಮುಂದಕ್ಕೆ ಹೋಗಿರುತ್ತದೆ, ಕೇಳುವವರು ಅಲ್ಲೇ ಇರುತ್ತಾರೆ, ಒಂದೇ ಸಲ ಹೇಳಿದರೆ ಅರ್ಧ ಮಂದಿಗೆ ಅರ್ಧ ಸುದ್ದಿ ಮುಟ್ಟುತ್ತದೆ ಎನ್ನುವುದು ಅವನ ಲೆಕ್ಕ. ಕೊನೆಗೆ “ಹೇಳಾವ ನಿಮ್ಮ ಸಿದ್ದಲಿಂಗಪ್ಪ” ಎಂದು ಮೈಕು ಕೆಳಗಿಡುತ್ತಿದ್ದ. ಅಂಗಡಿ ಮಾಲೀಕನ ಹೆಸರು ಮರೆತ ಮಂದಿಗೂ ಈ ಹೆಸರು ನೆನಪಿರುತ್ತಿತ್ತು. ಮಾಲೀಕರು ಒಂದಿಷ್ಟು ಗೊಣಗಿ ಸುಮ್ಮನಾಗುತ್ತಿದ್ದರು, ಯಾಕೆಂದರೆ ಸಂಜೆಗೆ ಅಂಗಡಿ ತುಂಬಿರುತ್ತಿತ್ತು.

ನಡುವೆ ಪೆನ್ ಡ್ರೈವ್ ಬಂತು. ಉಳಿದ ಆಟೋದವರೆಲ್ಲ ಒಮ್ಮೆ ರೆಕಾರ್ಡ್ ಮಾಡಿ, ಅದನ್ನೇ ಹಚ್ಚಿಬಿಟ್ಟು, ತಾವು ಎಲೆ ಅಡಿಕೆ ಮೆಲ್ಲುತ್ತ ಕೂತರು. ಜಾಕೀರ ಗಂಟು ಬಿದ್ದ. “ಅಣ್ಣಾರ, ಒಮ್ಮೆ ಮಾತಾಡಿ ಇಟ್ಟಬಿಡ್ರಿ, ಗಂಟಲಿಗೂ ಆರಾಮ.” ಸಿದ್ದಲಿಂಗಪ್ಪ ಕೇಳಲಿಲ್ಲ. “ತಂಗಳಾ ಮಾತ ನಾ ಬಡಸಂಗಿಲ್ಲೋ ಜಾಕೀರ. ಪೆನ್ ಡ್ರೈವಿಗೆ ನೀಲಿ ಸೀರಿ ಕಾಣತೈತೇನ?” ಎಂದ. ಮಾತೇನೋ ಬಲು ಚಂದ ಆಡಿದ. ಅದರ ಬೆಲೆ ಮುಂದೆ ತೆತ್ತ.

ಕಳೆದ ದೀಪಾವಳಿಯ ಸೇಲುಗಳು ಮುಗಿಯುವ ಹೊತ್ತಿಗೆ ಅವನ ಗಂಟಲು ಕೈಕೊಟ್ಟಿತು. ಧ್ವನಿಪೆಟ್ಟಿಗೆಯಲ್ಲಿ ಗಂಟು. ಡಾಕ್ಟರು ಅದನ್ನು ತೆಗೆದರು, ಎರಡು ತಿಂಗಳು ಬಾಯಿ ಬಿಡಬೇಡಿ ಎಂದರು. ಆ ಎರಡು ತಿಂಗಳು ಅವನ ಹೆಂಡತಿ ಬಾಳವ್ವ ಮನೆಯಲ್ಲಿ ಒಬ್ಬಳೇ ಮಾತಾಡಿದಳು, ಅವನು ನೂರು ಹಾಳೆಯ ನೋಟ್‌ಬುಕ್ಕಿನಲ್ಲಿ ಬರೆದು ಉತ್ತರ ಕೊಟ್ಟ. ಅದರಲ್ಲೂ ಎಲ್ಲವನ್ನೂ ಎರಡೆರಡು ಸಲ ಬರೆದು ಎರಡು ನೋಟ್‌ಬುಕ್ ಮುಗಿಸಿದ. ಅವಧಿ ಮುಗಿದ ದಿನ ಬಾಯಿ ತೆರೆದರೆ ಹೊರಗೆ ಬಂದದ್ದು ಬರೀ ಗಾಳಿ, ಅದರ ಜೊತೆ ಚೂರು ಕರಕರ. ಡಾಕ್ಟರು ಸಮಾಧಾನದಿಂದ ಹೇಳಿದರು: “ಮನ್ಯಾಗ ಮಾತಾಡ್ರಿ, ದೇವರ ಮುಂದ ವಚನ ಅನ್ರಿ. ಮೈಕ್ ಮಾತ್ರ ಮರತಬಿಡ್ರಿ. ಆ ದನಿ ತಿರುಗಿ ಬರಂಗಿಲ್ಲ.”

ಹೊಟ್ಟೆಯ ಚಿಂತೆ ಇರಲಿಲ್ಲ. ಮಗ ರಾಜಶೇಖರ ಟೈರ್ ಅಂಗಡಿ ಇಟ್ಟು ಮನೆ ನೋಡಿಕೊಳ್ಳುತ್ತಿದ್ದ. ಜಾಕೀರನೂ ಆಟೋದ ಮೇಲಿನ ಮೈಕಿನ ಹಾರ್ನು ಇಳಿಸಿ ಸವಾರಿ ಹೊಡೆಯತೊಡಗಿದ್ದ. ಸಿದ್ದಲಿಂಗಪ್ಪನನ್ನು ಒಳಗೊಳಗೇ ಕೊರೆದದ್ದು ಬೇರೆ. ಊರಿಗೆ ಅವನ ಮುಖ ಗೊತ್ತಿರಲಿಲ್ಲ. ಆಟೋದೊಳಗೆ ಕೂತವನ ಮುಖ ಯಾರು ನೋಡುತ್ತಾರೆ? ಸಂತೆಯಲ್ಲಿ ಮೆಂತ್ಯೆ ಸೊಪ್ಪು ಕೇಳಲು ಬಾಯಿ ತೆರೆದಾಗ ಮಾತ್ರ ಹತ್ತು ಮಂದಿ ತಿರುಗಿ ‘ಅಯ್ಯ, ಸಿದ್ದಲಿಂಗಪ್ಪಾರು’ ಎನ್ನುತ್ತಿದ್ದರು. ಈಗ ಅದೇ ಸಂತೆಯಲ್ಲಿ ಅವನು ಕೈಸನ್ನೆ ಮಾಡಿ ಸೊಪ್ಪು ಕೊಂಡು ಬಂದರೆ ಯಾರೂ ತಿರುಗಿ ನೋಡಲಿಲ್ಲ. ದನಿಯೇ ಹೋದ ಮೇಲೆ ಸಿದ್ದಲಿಂಗಪ್ಪ ಅನ್ನುವವನು ಇದ್ದಾನೆಂದು ಊರಿಗೆ ಗೊತ್ತಾಗುವುದು ಹೇಗೆ? ಅವತ್ತು ಮನೆಗೆ ಬಂದು ಸೊಪ್ಪಿನ ಚೀಲ ಇಟ್ಟವನು ಊಟ ಬೇಡವೆಂದು ಮಲಗಿಬಿಟ್ಟ.

ಬಾಳವ್ವನ ದುಃಖವೂ ಸಣ್ಣದಲ್ಲ. “ಮೊಮ್ಮಕ್ಕಳ ಸಾಲಿ ಹಾಡೆಲ್ಲಾ ಫೋನಿನ್ಯಾಗ ಅದಾವು. ನಿಮ್ಮ ದನಿ ಒಂದ ಇಲ್ಲ ನೋಡ್ರಿ” ಎಂದು ಒಮ್ಮೆ ಅತ್ತೇಬಿಟ್ಟಳು.

ಹೀಗಿರುವಾಗ ಯುಗಾದಿಗೆ ತಿಂಗಳಿದೆ ಎನ್ನುವಾಗ ಶಾಂಭವಿ ಎಂಬ ಹೆಣ್ಣುಮಗಳು ಮನೆ ಹುಡುಕಿಕೊಂಡು ಬಂದಳು. ಕಾಳಿನ ವ್ಯಾಪಾರಸ್ಥರ ಮನೆಯವಳು, ಗೋಕುಲ ರಸ್ತೆಯಲ್ಲಿ ಎಣ್ಣೆ ಗಾಣ ಹಾಕಿದ್ದಳು.

“ಸೋಮವಾರ ಅಂಗಡಿ ಪೂಜಿ ಐತ್ರಿ ಕಾಕಾರ. ಮೂರ ದಿನ ನಿಮ್ಮ ಗಾಡಿ ಬೇಕ್ರಿ. ನಮ್ಮ ಅವ್ವ ಹೇಳ್ಯಾಳ, ಹೇಳಿಸಿದ್ರ ಸಿದ್ದಲಿಂಗಪ್ಪಾರ ಕಡೆನ ಹೇಳಿಸು ಅಂತ.”

ಸಿದ್ದಲಿಂಗಪ್ಪ ತನ್ನ ಕರಕರ ದನಿಯಲ್ಲಿ ಎರಡು ಮಾತಾಡಿದ. ಶಾಂಭವಿಗೆ ಸಂಗತಿ ತಿಳಿಯಿತು. ಚಹಾ ಕುಡಿದು ಎದ್ದವಳನ್ನು ಅಲ್ಲೇ ಕೂತಿದ್ದ ಜಾಕೀರ ತಡೆದ.

“ಅಕ್ಕಾರ, ನಮ್ಮ ಮಹೆಕ ಫೋನಿನ್ಯಾಗ ಜಾಹೀರಾತ ಮಾಡ್ತಾಳ್ರಿ. ಮಾತ ಅಣ್ಣಾರದು, ಚಿತ್ರ ಅಕಿದು. ಈಗ ಎಲ್ಲಾರ ಕಣ್ಣೂ ಫೋನಿನ್ಯಾಗ ಇರ್ತಾವಲ್ರಿ.”

ಶಾಂಭವಿ ಒಪ್ಪಿದಳು. ಸಿದ್ದಲಿಂಗಪ್ಪ ಮುಖ ಗಂಟು ಹಾಕಿಕೊಂಡ. ಕೇಳಿಸದ ಜಾಹೀರಾತು ಅದೆಂಥ ಜಾಹೀರಾತು?

ಜಾಕೀರನ ಮಗಳು ಮಹೆಕ ಬಿ.ಕಾಂ. ಮುಗಿಸಿ ಝೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಚುರುಕು ಹುಡುಗಿ. ಮರುದಿನವೇ ಬಂದು ಸಿದ್ದಲಿಂಗಪ್ಪನ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟಳು. ಅದು ಶುರುವಿಗೆ ಫುಕಟ್. ಹೆಚ್ಚಿನ ಚಿತ್ರ ಬೇಕೆಂದರೆ ತಿಂಗಳಿಗೆ ನಾಲ್ಕು ಪ್ಲೇಟು ಗಿರಮಿಟ್ಟಿನಷ್ಟು ರೊಕ್ಕ. ಚೌಕಟ್ಟು, ಬಣ್ಣ, ಹೂಬಳ್ಳಿ ಎಲ್ಲ ಮೊದಲೇ ಹಾಕಿಟ್ಟ ಟೆಂಪ್ಲೇಟುಗಳು ಅದರಲ್ಲಿ ಸಾವಿರಾರು ಇದ್ದವು. ನಮ್ಮ ಮಾತು ಅದರೊಳಗೆ ಕೂರಿಸಿದರೆ ಮುಗಿಯಿತು. ಟೆಂಪ್ಲೇಟು ಎಂದಾಗ ಜಾಕೀರನಿಗೆ ಟೆಂಪಲ್ ಪ್ಲೇಟು ಎಂದು ಕೇಳಿಸಿ, “ಗುಡಿ ತಾಟಿಗೂ ಎಣ್ಣಿಗೂ ಏನ ಸಂಬಂಧ ಬೇ?” ಎಂದು ಮಗಳ ಕೈಯಲ್ಲಿ ಬೈಸಿಕೊಂಡ.

ಮೊದಲ ದಿನ ಸಿದ್ದಲಿಂಗಪ್ಪನ ದಪ್ಪ ಬೆರಳಿಗೂ ಆ ಸಣ್ಣ ಪರದೆಗೂ ದೊಡ್ಡ ಯುದ್ಧ ನಡೆಯಿತು. ಎಣ್ಣೆ ಬಾಟಲಿಯನ್ನು ಬಲಕ್ಕೆ ಸರಿಸಲು ಹೋದರೆ ಅದು ಬೆಳೆದು ಇಡೀ ಪರದೆ ತುಂಬಿತು. ಅಕ್ಷರ ದೊಡ್ಡದು ಮಾಡಿದರೆ ಅಂಚಿನಾಚೆ ಹೋಗಿ ಮಾಯ. ಬರೆದ ‘ಎಣ್ಣಿ’ಯ ಒತ್ತಕ್ಷರ ಕಳಚಿ ಪಕ್ಕಕ್ಕೆ ಬಂದು ಕೂತಿತು. “ಅದು ಕನ್ನಡ ತಿಳೀಲಾರದ ಅಕ್ಷರ ಕಾಕಾ, ಬ್ಯಾರೆ ಆರಿಸ್ರಿ” ಎಂದು ಮಹೆಕ ಇನ್ನೊಂದು ಬಗೆಯ ಅಕ್ಷರ ತೋರಿಸಿದಳು, ಒತ್ತು ತನ್ನ ಜಾಗಕ್ಕೆ ಬಂತು. ತಪ್ಪಿದರೆ ಹಿಂದಕ್ಕೆ ಹೋಗುವ ಸಣ್ಣ ಬಾಣವೊಂದಿತ್ತು. ಅದನ್ನು ಒತ್ತಿದರೆ ಮಾಡಿದ ತಪ್ಪೆಲ್ಲ ಇಲ್ಲವಾಗುತ್ತದೆ ಎಂದು ತಿಳಿದ ಮೇಲೆ ಅವನಿಗೆ ಧೈರ್ಯ ಬಂತು. ಬಾಳವ್ವ ಇಣುಕಿ ನೋಡಿ, ಇಂಥ ಬಾಣ ಮದುವೆ ದಿನ ಇರಬೇಕಾಗಿತ್ತು ಎಂದಳು. ಎಷ್ಟೋ ತಿಂಗಳ ಮೇಲೆ ಅವತ್ತು ಸಿದ್ದಲಿಂಗಪ್ಪ ನಕ್ಕ.

ಶನಿವಾರ ಮಹೆಕ ತಾನೇ ಒಂದು ಪೋಸ್ಟರ್ ಮಾಡಿ ತೋರಿಸಿದಳು. ಹಸಿರು ಅಂಚು, ಬಂಗಾರ ಬಣ್ಣದ ಬಾಟಲಿ, ನಡುವೆ ‘ಪರಿಶುದ್ಧ ಗಾಣದ ಎಣ್ಣೆ ಲಭ್ಯವಿದ್ದು ಗ್ರಾಹಕರು ಸದುಪಯೋಗ ಪಡೆದುಕೊಳ್ಳಲು ಕೋರಲಾಗಿದೆ.’

ನೋಡಲು ಚಂದವಿತ್ತು. ಸಿದ್ದಲಿಂಗಪ್ಪ ಮಾತ್ರ ಮೂಗು ಮುರಿದ.

“ನಿಮ್ಮವ್ವ ಎಣ್ಣಿ ತೀರಿದ್ರ ‘ಪರಿಶುದ್ಧ ಎಣ್ಣೆ ಲಭ್ಯವಿದೆಯೇ’ ಅಂತ ಕೇಳ್ತಾಳೇನ ಬೇ?” ಎಂದ ಪಿಸುದನಿಯಲ್ಲಿ.

“ಹಂಗ ಬರದ್ರ ಮರ್ಯಾದಿ ಇರ್ತದ ಕಾಕಾ. ನೀವು ಮಾತಾಡಿದಂಗ ಬರದ್ರ ಮಂದಿ ನಗ್ತಾರ. ಮತ್ತ ಎಲ್ಲಾ ಎರಡೆರಡ ಸಲ ಬರೀಬ್ಯಾಡ್ರಿ. ಇದು ಕಣ್ಣೀಲೆ ನೋಡೂದು, ಕಿವೀಲೆ ಕೇಳೂದಲ್ಲ.”

ಹುಡುಗಿ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಆ ಮಾತು ಅವನಿಗೆ ನಾಟಿತು. ಕಿವಿಯ ಕೆಲಸ ಮುಗಿಯಿತು ಎಂದರೆ ತನ್ನ ಕೆಲಸವೂ ಮುಗಿಯಿತೆಂದೇ ಅರ್ಥ.

ಭಾನುವಾರ ಮಧ್ಯಾಹ್ನ, ಊಟ ಮುಗಿಸಿ ಮನೆಯವರೆಲ್ಲ ಅಡ್ಡಾದಾಗ, ಅವನು ಫೋನು ಹಿಡಿದು ಕಟ್ಟೆಯ ಮೇಲೆ ಕೂತ. ಕುಸಬಿ ಹೂವಿನ ಹಳದಿ ಬಣ್ಣದ ಟೆಂಪ್ಲೇಟು ಆರಿಸಿದ. ಕಣ್ಣು ಮುಚ್ಚಿ, ಆಟೋದಲ್ಲಿ ಕೂತಿದ್ದೇನೆ, ಎದುರಿಗೆ ಓಣಿ ಇದೆ ಎಂದುಕೊಂಡ. ಒಂದೇ ಬೆರಳಿನಲ್ಲಿ ಒತ್ತುತ್ತ, ತುಟಿ ಅಲ್ಲಾಡಿಸುತ್ತ, ಎರಡು ತಾಸು ಬರೆದ. ಬರೆದದ್ದು ಹೀಗಿತ್ತು:

ಕೇಳ್ರೆಪಾ ಕೇಳ್ರಿ! ಗೋಕುಲ ರೋಡಿನ್ಯಾಗ ಗಾಣ ಹಾಕ್ಯಾರ. ಗಾಣ ಹಾಕ್ಯಾರ್ರಿ!
ಶೇಂಗಾ ನಿಮ್ಮ ಕಣ್ಣ ಮುಂದ ಹಾಕ್ತಾರ, ಎಣ್ಣಿ ನಿಮ್ಮ ಕಣ್ಣ ಮುಂದ ತಗೀತಾರ. ಕುಸಬಿ ಎಣ್ಣಿನೂ ಐತಿ.
ತಗೊಳ್ಳಬ್ಯಾಡ್ರಿ. ಬರೇ ವಾಸನಿ ನೋಡಿ ಹೋಗ್ರಿ. ಆಮ್ಯಾಲ ನಿಮ್ಮ ಮೂಗ ಹೆಂಗ ಹೇಳ್ತೈತಿ ಹಂಗ ಮಾಡ್ರಿ.
ನಂಬರ ಬರಕೊಳ್ರಿ.

ನಂಬರನ್ನು ಅವನು ಮೈಕಿನಲ್ಲಿ ಹೇಳುತ್ತಿದ್ದ ಹಾಗೆಯೇ ಬರೆದ. ಅಂಕಿ ಒಂದೂ ಇಲ್ಲ. ‘ತೊಂಬತ್ತೆಂಟ… ಡಬಲ್ ನಾಕ… ಮೂರ ಸೊನ್ನಿ…’ ಎಂದು ಶುರುವಾಗಿ ಕೊನೆಯವರೆಗೂ ಅಕ್ಷರಗಳೇ. ಅದರ ಕೆಳಗೆ:

ಪೆನ್ ಸಿಗವಲ್ದೇನ್ರಿ? ಹುಡುಕ್ರಿ, ನಾವು ನಿಂತೇವಿ.
ಸಿಕ್ತೇನ್ರಿ? ಇನ್ನೊಮ್ಮೆ ಹೇಳ್ತೇನಿ.

ಮತ್ತೊಮ್ಮೆ ಇಡೀ ನಂಬರು, ಮೊದಲಿನಂತೆಯೇ ಅಕ್ಷರಗಳಲ್ಲಿ. ಕಟ್ಟಕಡೆಗೆ: ಹೇಳಾವ ನಿಮ್ಮ ಸಿದ್ದಲಿಂಗಪ್ಪ.

ಬರೆದು ಮುಗಿಸಿ, ಮಹೆಕಳಿಗೆ ತೋರಿಸಿದರೆ ಕತ್ತರಿ ಹಾಕುತ್ತಾಳೆಂದು ಹೆದರಿ, ನೇರ ಶಾಂಭವಿಗೇ ಕಳಿಸಿಬಿಟ್ಟ. ಪೂಜೆಯ ಓಡಾಟದಲ್ಲಿದ್ದ ಶಾಂಭವಿ ಬಣ್ಣ ನೋಡಿದಳು, ಚಂದ ಕಂಡಿತು, ಒಂದಕ್ಷರವೂ ಓದದೆ ತನ್ನ ಫೋನಿನಲ್ಲಿದ್ದ ಎಲ್ಲ ಗುಂಪುಗಳಿಗೂ ಹಾಕಿದಳು. ಅಕ್ಕನ ಬಳಗ, ಭಜನಾ ಮಂಡಳಿ, ಕೇಶ್ವಾಪುರದ ಅಪಾರ್ಟ್‌ಮೆಂಟು, ಗೆಳತಿಯರ ಭಿಶಿ ಚೀಟಿಯ ಗುಂಪು, ಒಂದನ್ನೂ ಬಿಡಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಫೋನು ಕೈಗೆ ತೆಗೆದುಕೊಂಡು ಓದಿದಳು. ಓದಿದವಳೇ ಸಿದ್ದಲಿಂಗಪ್ಪನಿಗೆ ಫೋನ್ ಮಾಡಿದಳು.

“ಏನ ಮಾಡೀರಿ ಕಾಕಾರ? ನಂಬರಿನ್ಯಾಗ ಒಂದರ ಅಂಕಿ ಐತೇನ್ರಿ? ಒತ್ತಿದ್ರ ಫೋನ್ ಹತ್ತಬೇಕಲ್ಲ. ಪೆನ್ ಹುಡುಕ್ರಿ, ನಾವು ನಿಂತೇವಿ ಅಂತ ಬರದೀರಿ! ಚಿತ್ರ ಹೆಂಗ ನಿಂದರ್ತೈತ್ರಿ? ಅದರ ಮ್ಯಾಲೆ ನಿಮ್ಮ ಹೆಸರ ಬ್ಯಾರೆ. ಅಂಗಡಿ ಹೆಸರ ಎಲ್ಲಿ?”

ಅಂಗಡಿಯ ಹೆಸರು ಬರೆಯಲು ಅವನು ಮರೆತಿದ್ದ. ಇಪ್ಪತ್ತೆಂಟು ವರ್ಷ ಆಟೋದ ಬೆನ್ನಿಗೆ ಮಾಲೀಕರೇ ಬ್ಯಾನರು ಕಟ್ಟುತ್ತಿದ್ದರು, ಹೆಸರು ಅಲ್ಲಿರುತ್ತಿತ್ತು. ಅದನ್ನು ಹೇಳಹೋದರೆ ಆ ಕಡೆಗೆ ಬರೀ ಕರಕರ ಕೇಳಿಸಿತು. ಶಾಂಭವಿಯೇ ಸಾಕಾಗಿ ಫೋನಿಟ್ಟಳು.

ಸಿದ್ದಲಿಂಗಪ್ಪನಿಗೆ ದನಿ ಹೋದಾಗಲೂ ಇಷ್ಟು ನಾಚಿಕೆಯಾಗಿರಲಿಲ್ಲ. ಅದು ರೋಗ, ಇದು ದಡ್ಡತನ. ಒಂದು ಹೆಣ್ಣುಮಗಳು ಇದ್ದಬದ್ದದ್ದನ್ನೆಲ್ಲ ಹಾಕಿ ಅಂಗಡಿ ತೆರೆದರೆ, ತಾನು ಹಳೆಯ ಚಾಳಿಯಿಂದ ಹಾಳು ಮಾಡಿದೆ. ಆ್ಯಪನ್ನು ಫೋನಿನಿಂದ ತೆಗೆದು ಹಾಕಿ ಬಾಳವ್ವನಿಗೆ, “ಇನ್ನ ನಾ ಯಾರಿಗೂ ಏನೂ ಹೇಳಂಗಿಲ್ಲ” ಎಂದ.

ಸೋಮವಾರ ಹನ್ನೊಂದಕ್ಕೆ ಜಾಕೀರ ಆಟೋ ತಂದು ಬಾಗಿಲಿಗೆ ನಿಲ್ಲಿಸಿದ. ಶಾಂಭವಿ ಅಕ್ಕಾರು ಈಗಿಂದೀಗ ಬರಹೇಳಿದ್ದಾರೆ ಎಂದ. ಬೈಸಿಕೊಳ್ಳುವುದು ಬಾಕಿ ಇದ್ದರೆ ಅದೂ ಆಗಿಹೋಗಲಿ ಎಂದು ಸಿದ್ದಲಿಂಗಪ್ಪ ಅಂಗಿ ಹಾಕಿಕೊಂಡು ಹೊರಟ.

ಅಂಗಡಿಯಲ್ಲಿ ಶಾಂಭವಿ ಪೂಜೆಯ ರೇಷ್ಮೆ ಸೀರೆಯಲ್ಲೇ ಕೂತು, ಕಿವಿ ಮತ್ತು ಭುಜದ ನಡುವೆ ಫೋನು ಸಿಕ್ಕಿಸಿಕೊಂಡು, ಚೀಟಿ ಬರೆಯುತ್ತಿದ್ದಳು. ಒಂದು ಫೋನು ಇಟ್ಟರೆ ಇನ್ನೊಂದು. ಸಿದ್ದಲಿಂಗಪ್ಪನನ್ನು ಕಂಡವಳೇ ಫೋನಿನ ಸ್ಪೀಕರು ಹಾಕಿದಳು. ಆ ಕಡೆ ಯಾರೋ ಹೆಣ್ಣುಮಗಳು ನಗು ತಡೆಯಲಾರದೆ ಮಾತಾಡುತ್ತಿದ್ದಳು.

“ಅಯ್ಯ, ನಿಮ್ಮ ನಂಬರ ಹಚ್ಚೂದ್ರಾಗ ಸಾಕಾತ್ರೀ ಅಕ್ಕಾರ! ನಮ್ಮ ಮನಿಯವ್ರು ದೊಡ್ಡದಾಗಿ ಓದೂದು, ನಾ ಒತ್ತೂದು. ಡಬಲ್ ನಾಕ ಅನ್ನೂದ್ರಾಗ ನಗಿ ಬಂದು ಎರಡ ಸಲ ತಪ್ಪಿತ್ರಿ. ಎರಡ ಕಿಲೋ ಕುಸಬಿ ಎಣ್ಣಿ ಬೇಕ್ರಿ, ಮನಿಗೆ ಕಳಸ್ತೀರೇನ?”

ಶಾಂಭವಿ ಫೋನಿಟ್ಟು ಅವನನ್ನೇ ನೋಡಿದಳು. “ಮುಂಜಾನಿಯಿಂದ ಮೂವತ್ತರ ಮ್ಯಾಲೆ ಆಗ್ಯಾವ್ರಿ ಕಾಕಾರ. ದಿನಕ್ಕ ಐವತ್ತ ಜಾಹೀರಾತ ನಮ್ಮ ಫೋನಿಗೂ ಬರ್ತಾವು, ಒಂದನ್ನೂ ನಾ ಓದಂಗಿಲ್ಲ. ನಿಮ್ಮದನ್ನ ಬಾಯಿ ಬಿಟ್ಟ ಓದಬೇಕಾಗೇತಿ ನೋಡ್ರಿ, ನಂಬರ ಸಲುವಾಗಿ. ನಿನ್ನಿ ಬೈದದ್ದ ಮನಸಿಗೆ ಹಚ್ಚಿಕೋಬ್ಯಾಡ್ರಿ.”

ಸಿದ್ದಲಿಂಗಪ್ಪನಿಗೆ ನಂಬಿಕೆ ಬರಲಿಲ್ಲ. ಹೆಣ್ಣುಮಗಳು ಸಮಾಧಾನಕ್ಕೆ ಹೇಳುತ್ತಿದ್ದಾಳೆ, ನಂಬರಿನ ತಮಾಷೆಗೆ ಮಂದಿ ನಗುತ್ತಿದ್ದಾರೆ, ಅಷ್ಟೇ ಅಂದುಕೊಂಡ. ಆದರೂ ಆ್ಯಪು ಮತ್ತೆ ಫೋನಿಗೆ ಬಂತು. ಮಹೆಕ ಬಂದು ನಂಬರಿನ ಕೆಳಗೆ ಸಣ್ಣದಾಗಿ ಅಂಕಿಯನ್ನೂ, ಮೂಲೆಯಲ್ಲಿ ಅಂಗಡಿಯ ಹೆಸರನ್ನೂ ಸೇರಿಸಿದಳು. ಉಳಿದದ್ದರ ತಂಟೆಗೆ ಹೋಗಲಿಲ್ಲ. “ನಾ ಸೋತೆ ಕಾಕಾ” ಎಂದು ಕೈ ಎತ್ತಿದಳು. ಮನೆಮನೆಗೆ ಎಣ್ಣೆ ಮುಟ್ಟಿಸುವ ಕೆಲಸ ಜಾಕೀರನ ಆಟೋಗೆ ಸಿಕ್ಕಿತು. ಮನೆಯಲ್ಲಿ ಕೂತು ಏನು ಮಾಡಲಿ ಎಂದು ಸಿದ್ದಲಿಂಗಪ್ಪನೂ ಹಳೆಯ ಸೀಟಿನಲ್ಲಿ, ಎಣ್ಣೆ ಕ್ಯಾನುಗಳ ನಡುವೆ ಕೂತು ಹೊರಟ.

ಎಂಟು ಹತ್ತು ದಿನ ಕಳೆದಿರಬೇಕು. ಕೇಶ್ವಾಪುರದ ಒಂದು ಒಳ ಓಣಿ, ಪ್ರಭಾವತಿ ಎಂಬುವರ ಮನೆ. ಐದು ಲೀಟರಿನ ಶೇಂಗಾ ಎಣ್ಣೆ. ಕ್ಯಾನು ಹೊತ್ತು ಇಬ್ಬರೂ ಒಳಗೆ ಹೋದರು. ಪಡಸಾಲೆಯ ಮಂಚದ ಮೇಲೆ ಎಂಬತ್ತು ದಾಟಿದ ಅಜ್ಜಿಯೊಬ್ಬಳು ಗೋಡೆಗೆ ಒರಗಿ ಕೂತಿದ್ದಳು.

“ಇಲ್ಲೇ ಇಡ್ರಿ ಅಣ್ಣಾರ” ಎಂದಳು ಪ್ರಭಾವತಿ. “ನಮ್ಮ ಅತ್ತಿ ಸಲುವಾಗಿ ತರಿಸೇನ್ರಿ. ಅವರಿಗೆ ಕಣ್ಣ ಕಾಣಂಗಿಲ್ಲ. ಮುಂಜಾನಿ ಚಾ ಆದ ಕೂಡ್ಲೆ ‘ಆ ಎಣ್ಣಿ ಸುದ್ದಿ ಓದ’ ಅಂತಾರ. ನಾ ಅದರಾಗ ಬರದಂಗ ಓದ್ತೇನಿ, ಪೆನ್ ಹುಡುಕ್ರಿ ಅನ್ನೂದ್ರಾಗ ಸ್ವಲ್ಪ ನಿಂದರ್ತೇನಿ. ಅವರು ಕುಂತ ನಗ್ತಾರ್ರಿ.”

ಸಿದ್ದಲಿಂಗಪ್ಪ ಕ್ಯಾನು ಇಡುವುದನ್ನು ಮರೆತು ನಿಂತ.

“ಯಾರ ಬಂದಾರ ಪ್ರಭಾ?” ಎಂದಳು ಅಜ್ಜಿ.

ಜಾಕೀರನಿಗೆ ತಡೆದುಕೊಳ್ಳಲಾಗಲಿಲ್ಲ. “ಸಿದ್ದಲಿಂಗಪ್ಪಾರ ಬಂದಾರ್ರಿ ಅವ್ವಾರ! ಮೈಕ್ ಸಿದ್ದಲಿಂಗಪ್ಪಾರು!”

ಅಜ್ಜಿಯ ಮುಖ ಅರಳಿತು. ದನಿ ಬಂದ ಕಡೆಗೆ ಕೈ ಚಾಚಿದಳು. “ಹೌದೇನ? ಎಲ್ಲಿ, ಮಾತಾಡಪಾ, ಏನರ ಹೇಳ.”

ಸಿದ್ದಲಿಂಗಪ್ಪ ಕ್ಯಾನು ಕೆಳಗಿಟ್ಟು, ಹತ್ತಿರ ಹೋಗಿ ಮಂಚದ ಬದಿಗೆ ಕೂತ. ಗಂಟಲು ಸರಿ ಮಾಡಿಕೊಂಡ. ಆದಷ್ಟು ಬಲ ಹಾಕಿ, “ಹೌದ್ರಿ ಅವ್ವಾರ, ನಾನ ಸಿದ್ದಲಿಂಗಪ್ಪ” ಎಂದ. ಕರಕರ ಎಂದಿತು, ನಡುವೆ ಎರಡು ಅಕ್ಷರ ಹಾರಿಹೋದವು.

ಅಜ್ಜಿ ತಲೆ ಓರೆ ಮಾಡಿ ಕೇಳಿದಳು. ಚಾಚಿದ ಕೈ ಹಿಂದಕ್ಕೆ ಎಳೆದುಕೊಂಡು, ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು.

“ಯಾರಿಗೆ ಮಳ್ಳ ಮಾಡ್ತೀರೋ? ಸಿದ್ದಲಿಂಗಪ್ಪನ ದನಿ ನನಗ ಗೊತ್ತಿಲ್ಲೇನ? ಇವತ್ತ ಮುಂಜಾನಿನೂ ಕೇಳೇನಿ.”

ಪ್ರಭಾವತಿ ಗಾಬರಿಯಾಗಿ ಏನೋ ಹೇಳಲು ಬಂದಳು. ಜಾಕೀರನೂ ಬಾಯಿ ತೆರೆದ. ಸಿದ್ದಲಿಂಗಪ್ಪ ಅವನ ತೋಳು ಹಿಡಿದು ನಿಲ್ಲಿಸಿದ. ಅವನ ಕಣ್ಣು ತುಂಬಿತ್ತು, ಮುಖ ಮಾತ್ರ ನಗುತ್ತಿತ್ತು.

“ಖರೇ ಐತ್ರಿ ಅವ್ವಾರ” ಎಂದ. “ಸಿದ್ದಲಿಂಗಪ್ಪ ಮುಂಜಾನೇನ ಬಂದು ಹೋಗ್ಯಾನ. ನಾ ಎಣ್ಣಿ ತಂದಾವ್ರಿ.”